ರಣಜಿಗೆ ಮುನ್ನವೇ ಟೆಸ್ಟ್ ಆಡಿದ ಮೂಲ್ಕಿಯ ಹುಡುಗ

ಅಮೆರಿಕದ ವೃತ್ತಿಪರ ಕ್ರೀಡೆಗಳಲ್ಲಿ ಹೊಸ ಆಟಗಾರರನ್ನು ಹಂಚಿಕೊಳ್ಳುವುದಕ್ಕೆ ವರ್ಷಕ್ಕೊಮ್ಮೆ ಡ್ರಾಫ್ಟ್ ಎಂಬ ಏರ್ಪಾಟು ನಡೆಯುತ್ತದೆ. ಕಾಲೇಜಿನಲ್ಲಿ ಮಿಂಚಿದ ಹುಡುಗನನ್ನು ಯಾವ ತಂಡ ಎಷ್ಟನೆಯ ಸುತ್ತಿನಲ್ಲಿ ಆರಿಸಿತು ಎಂಬುದನ್ನು ಅವನ ಊರಿನವರು ಜೀವನಪರ್ಯಂತ ನೆನಪಿಟ್ಟುಕೊಳ್ಳುತ್ತಾರೆ. ಭಾರತದ ಕ್ರಿಕೆಟ್ಟಿಗೆ ಅಂಥ ಬಾಗಿಲು ಇರಲಿಲ್ಲ, ಇದ್ದದ್ದು ಏಣಿ. ಶಾಲೆ, ಕಾಲೇಜು, ಕ್ಲಬ್ಬು, ಆಮೇಲೆ ರಣಜಿ, ಕೊನೆಗೆ ಅದೃಷ್ಟವಿದ್ದರೆ ಟೆಸ್ಟ್. ಈ ಏಣಿಯ ನಡುವಿನ ಮೆಟ್ಟಿಲನ್ನು ತುಳಿಯದೆಯೇ ಅಟ್ಟ ಸೇರಿದವರು ಬೆರಳೆಣಿಕೆಯಷ್ಟು ಮಂದಿ. ಅವರಲ್ಲೊಬ್ಬರು ನಮ್ಮ ಕರಾವಳಿಯವರು ಎಂಬುದು ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಮೈದಾನಗಳಲ್ಲಿ ಟೆನಿಸ್ ಚೆಂಡಿನ ಪಂದ್ಯಾವಳಿಗಳಿಗಾಗಿ ರಾತ್ರಿ ಹಗಲು ಮಾಡುವ ಇಂದಿನ ಹುಡುಗರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಕುಂದಾಪುರದ ಗಾಂಧಿ ಮೈದಾನದಂಚಿನಲ್ಲಿ ನಾನು ಈ ಹೆಸರೆತ್ತಿದಾಗಲೆಲ್ಲ ಎದುರಾದದ್ದು ಪ್ರಶ್ನಾರ್ಥಕ ಮುಖವೇ.

ಹೆಸರು ಬುಧಿಸಾಗರ ಕೃಷ್ಣಪ್ಪ ಕುಂದರನ್. ಹುಟ್ಟಿದ್ದು 1939ರ ಅಕ್ಟೋಬರ್ 2ರಂದು, ಮೂಲ್ಕಿಯಲ್ಲಿ. ಆಗ ಕುಂದಾಪುರವೂ ಮೂಲ್ಕಿಯೂ ಮದ್ರಾಸ್ ಪ್ರಾಂತ್ಯದ ಒಂದೇ ಜಿಲ್ಲೆ, ದಕ್ಷಿಣ ಕನ್ನಡ. ಉಡುಪಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಹೀಗಾಗಿ ಕುಂದಾಪುರದ ನಾನು ಅವರನ್ನು ನಮ್ಮೂರಿನವರೆಂದು ಕರೆದರೆ ಮೂಲ್ಕಿಯವರು ಜಗಳಕ್ಕೆ ಬರಲಾರರು ಎಂಬ ಧೈರ್ಯ ನನಗಿದೆ. ಕುಂದರ್ ಎಂಬ ಕುಲನಾಮ ಈ ಕಡಲತಡಿಯ ಉದ್ದಕ್ಕೂ ಕೇಳಸಿಗುವಂಥದು. ಆದರೆ ಆರಂಭದ ವರ್ಷಗಳ ಅಂಕಪಟ್ಟಿಗಳಲ್ಲಿ ಅದು ಕುಂದೆರಾಮ್ ಆಗಿತ್ತು, ಆಮೇಲೆ ಕುಂದರನ್ ಎಂದು ನೆಲೆನಿಂತಿತು. ಎರಡೂ ನಮ್ಮ ಕಿವಿಗೆ ಪರಕೀಯವೇ.

ಅವರು ಬೆಳೆದದ್ದು ಮುಂಬಯಿಯಲ್ಲಿ. ಇದರಲ್ಲಿ ಅಚ್ಚರಿಯೇನೂ ಇಲ್ಲ. ಕುಂದಾಪುರದಿಂದ ಮಂಗಳೂರಿನವರೆಗೆ ಮನೆಗೊಬ್ಬರಂತೆ ಮುಂಬಯಿಗೆ ಹೋದ ಕಾಲ ಅದು. ಹೊಟ್ಟೆಪಾಡಿಗಾಗಿ ನಗರ ಸೇರಿದ ಕುಟುಂಬದ ಹಿರಿಯನಿಗೆ ಮಗನ ಆಟವೆಂದರೆ ಓದಿಗೂ ದುಡಿಮೆಗೂ ಅಡ್ಡಿ. ಕುಂದರನ್ ಅವರ ತಂದೆಗೂ ಕ್ರಿಕೆಟ್ ಒಪ್ಪಿಗೆ ಇರಲಿಲ್ಲ. ಕೋಟೆ ಪ್ರದೇಶದ ಭರ್ಡಾ ಶಾಲೆಯ ತಂಡಕ್ಕೆ ಹುಡುಗ ಆಯ್ಕೆಯಾದಾಗ ಆಡುವುದಕ್ಕೆ ಬಿಳಿ ಉಡುಪಿಲ್ಲ. ತಾಯಿ ಗುಟ್ಟಾಗಿ ತಂದೆಯ ಬಟ್ಟೆಯನ್ನೇ ಕತ್ತರಿಸಿ, ಮಗನ ಅಳತೆಗೆ ಹೊಲಿದುಕೊಟ್ಟರು. ಹುಡುಗ ಆ ಪಂದ್ಯದಲ್ಲಿ 219 ರನ್ ಹೊಡೆದ. ಮರುದಿನದ ಪತ್ರಿಕೆಯಲ್ಲಿ ಛಾಯಾಚಿತ್ರ ಸಮೇತ ಸುದ್ದಿ ಬಂತು. ತಂದೆಗೆ ಮಗನ ಆಟವೂ ತಮ್ಮ ಬಟ್ಟೆಯ ಗತಿಯೂ ಏಕಕಾಲಕ್ಕೆ ತಿಳಿಯಿತು. ಆ ತಾಯಿಯ ಕತ್ತರಿ ಇಲ್ಲದಿದ್ದರೆ ಉಳಿದ ಕಥೆಯೇ ಇರುತ್ತಿರಲಿಲ್ಲ ಎಂದು ನನಗೆ ಅನ್ನಿಸುವುದುಂಟು.

1959ರ ಕೊನೆಯಲ್ಲಿ ರಿಚಿ ಬೆನೋ ನಾಯಕತ್ವದ ಆಸ್ಟ್ರೇಲಿಯ ತಂಡ ಭಾರತಕ್ಕೆ ಬಂದಿತ್ತು. ಡಿಸೆಂಬರಿನಲ್ಲಿ ಕಾನ್ಪುರದ ಟೆಸ್ಟಿನಲ್ಲಿ ಜಸು ಪಟೇಲ್ 14 ವಿಕೆಟ್ ಕಿತ್ತು ಭಾರತಕ್ಕೆ ಆಸ್ಟ್ರೇಲಿಯದ ಮೇಲೆ ಮೊದಲ ಗೆಲುವು ತಂದುಕೊಟ್ಟರು. ಗೆದ್ದ ತಂಡವನ್ನು ಮುಟ್ಟಬಾರದು ಎಂಬುದು ಲೋಕರೂಢಿ. ಆದರೆ ಆಯ್ಕೆ ಸಮಿತಿಯ ಅಧ್ಯಕ್ಷ ಲಾಲಾ ಅಮರನಾಥ್ ರೂಢಿಗೆ ಸೊಪ್ಪು ಹಾಕುವವರಲ್ಲ. ಕಾನ್ಪುರದಲ್ಲಿ ಪಟೇಲರನ್ನು ತಂದದ್ದೂ ಅವರದೇ ಹಟ. ಮುಂದಿನ ಮುಂಬಯಿ ಟೆಸ್ಟಿಗೆ ನರೇನ್ ತಮ್ಹಾಣೆ, ಪಿ.ಜಿ. ಜೋಷಿ ಎಂಬ ಇಬ್ಬರು ಅನುಭವಿ ಕೀಪರ್‌ಗಳನ್ನು ಬದಿಗಿಟ್ಟು, ರಣಜಿಯಲ್ಲಿ ಒಂದು ಪಂದ್ಯವನ್ನೂ ಆಡಿರದ ಇಪ್ಪತ್ತರ ಹುಡುಗನಿಗೆ ಕೈಗವಸು ಕೊಡಲಾಯಿತು. 1960ರ ಜನವರಿ 1ರಂದು ಬ್ರೇಬರ್ನ್ ಕ್ರೀಡಾಂಗಣದಲ್ಲಿ ಆರಂಭವಾದ ಪಂದ್ಯ ಅದು.

ಜೂಜು ಫಲಿಸಿತೇ? ಉತ್ತರ ಎರಡೇ ವಾರದಲ್ಲಿ ಸಿಕ್ಕಿತು. ಮದ್ರಾಸಿನ ಟೆಸ್ಟಿನಲ್ಲಿ ಭಾರತದ ಮೊದಲ ಇನಿಂಗ್ಸ್ 149ಕ್ಕೆ ಮುಗಿಯಿತು. ಅದರಲ್ಲಿ 71 ಕುಂದರನ್ ಅವರದು. ಎದುರಿಗಿದ್ದವರು ಡೇವಿಡ್ಸನ್, ಬೆನೋ ಮುಂತಾದವರು. ತಂಡದ ಹತ್ತಿರಹತ್ತಿರ ಅರ್ಧ ಮೊತ್ತವನ್ನು ಒಬ್ಬನೇ ಗಳಿಸುವುದೆಂದರೆ ಅದು ಕೇವಲ ಧೈರ್ಯದ ಮಾತಲ್ಲ. ಆ ಸರಣಿಯ ಮೂರು ಟೆಸ್ಟ್‌ಗಳನ್ನು ಆಡಿದ ಮೇಲೆಯೇ ಅವರು ರೈಲ್ವೇಸ್ ಪರವಾಗಿ ಮೊದಲ ರಣಜಿ ಪಂದ್ಯಕ್ಕೆ ಇಳಿದದ್ದು. ಜಮ್ಮು ಮತ್ತು ಕಾಶ್ಮೀರದ ವಿರುದ್ಧ ಆ ಪಂದ್ಯದಲ್ಲಿ 205 ರನ್ ಬಂತು. ಮೇಲಿನ ಮೆಟ್ಟಿಲಿನಿಂದ ಕೆಳಗಿಳಿದು ಬಂದವನಿಗೆ ಕೆಳಮೆಟ್ಟಿಲು ಸುಲಭವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಬಾಗಿಲು ಅಷ್ಟು ಸಲೀಸಾಗಿ ತೆರೆದುಕೊಂಡರೂ ಒಳಗೆ ಕೂರಲು ಖಾಯಂ ಕುರ್ಚಿ ಸಿಗಲೇ ಇಲ್ಲ. ಕುಂದರನ್ ವೃತ್ತಿಜೀವನದ ಮುಖ್ಯ ಸಂಗತಿ ಇದು. 1961ರ ಡಿಸೆಂಬರಿನಲ್ಲಿ ಫರೂಕ್ ಎಂಜಿನಿಯರ್ ಬಂದರು. ಅವರೂ ಮುಂಬಯಿಯವರು, ಅವರೂ ಕೀಪರ್, ಅವರೂ ಚೆಂಡನ್ನು ಬಾರಿಸುವ ಸ್ವಭಾವದವರು. ಒಂದೇ ಬಗೆಯ ಇಬ್ಬರು ಒಂದೇ ಕಾಲದಲ್ಲಿ ಹುಟ್ಟಿದರೆ ಏನಾಗಬೇಕೋ ಅದು ಆಯಿತು. ಆಯ್ಕೆಗಾರರು ಒಮ್ಮೆ ಇವರನ್ನು, ಒಮ್ಮೆ ಅವರನ್ನು, ಕೆಲವೊಮ್ಮೆ ಇಬ್ಬರನ್ನೂ ಬಿಟ್ಟು ಮೂರನೆಯವರನ್ನು ಆರಿಸಿದರು.

1964ರ ಜನವರಿ. ಮೈಕ್ ಸ್ಮಿತ್ ನಾಯಕತ್ವದ ಇಂಗ್ಲೆಂಡ್ ತಂಡದ ಎದುರು ಮತ್ತೆ ಮದ್ರಾಸು, ಮತ್ತೆ ಕಾರ್ಪೊರೇಷನ್ ಕ್ರೀಡಾಂಗಣ. ಅಂದು ಇನಿಂಗ್ಸ್ ಆರಂಭಿಸಿದ ಕುಂದರನ್ ಮೊದಲ ದಿನದ ಆಟ ಮುಗಿದಾಗ 170 ರನ್ ಗಳಿಸಿ ಅಜೇಯರಾಗಿದ್ದರು. ಭಾರತದ ಬ್ಯಾಟಿಂಗ್ ಎಂದರೆ ಜಾಗರೂಕತೆ, ಡ್ರಾ ಎಂದರೆ ಗೌರವ ಎಂದು ನಂಬಿದ್ದ ದಿನಗಳಲ್ಲಿ ಇದು ಬೇರೆಯೇ ಜಾಯಮಾನದ ಆಟ. ಮರುದಿನ 192ಕ್ಕೆ ಔಟಾದರು. ದ್ವಿಶತಕಕ್ಕೆ ಎಂಟು ರನ್ ಕೊರತೆ. ಕೀಪರ್ ಎಂದರೆ ಕೆಳಕ್ರಮಾಂಕದಲ್ಲಿ ಬಂದು ಹತ್ತಿಪ್ಪತ್ತು ರನ್ ಕೊಟ್ಟರೆ ಸಾಕು ಎನ್ನುತ್ತಿದ್ದ ಕಾಲಕ್ಕೆ ಈ ಅಂಕಿ ಅರ್ಥವಾಗಿರಲಾರದು. ಅದೇ ಪಂದ್ಯದಲ್ಲಿ ಬಾಪು ನಾಡಕರ್ಣಿ ಸತತ 21 ಓವರ್‌ಗಳನ್ನು ಒಂದು ರನ್ನೂ ಕೊಡದೆ ಬೌಲ್ ಮಾಡಿದ್ದು ಎಲ್ಲರಿಗೂ ನೆನಪಿದೆ. ಆ ಓವರುಗಳುದ್ದಕ್ಕೂ ಸ್ಟಂಪಿನ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ಏಳುತ್ತಿದ್ದವರು ಯಾರೆಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಸುಮಾರು ಒಂದು ದಿನ ಬ್ಯಾಟು ಬೀಸಿದ ಮೇಲಿನ ಕೆಲಸ ಅದು.

ಸರಣಿಯ ಐದೂ ಪಂದ್ಯಗಳು ಡ್ರಾ ಆದವು. ದೆಹಲಿಯಲ್ಲಿ ಕುಂದರನ್ ಇನ್ನೊಂದು ಶತಕ ಹೊಡೆದರು. ಒಟ್ಟು 525 ರನ್. ಒಂದು ಟೆಸ್ಟ್ ಸರಣಿಯಲ್ಲಿ ಐನೂರರ ಗಡಿ ದಾಟಿದ ಮೊದಲ ವಿಕೆಟ್ ಕೀಪರ್, ಜಗತ್ತಿನಲ್ಲೇ, ಅವರು. ಅದೇ ವರ್ಷದ ಅಕ್ಟೋಬರಿನಲ್ಲಿ ಆಸ್ಟ್ರೇಲಿಯ ತಂಡ ಬಂದಾಗ ಭಾರತದ ಕೀಪರ್ ಯಾರು? ಇಂದ್ರಜಿತ್‌ಸಿಂಹಜಿ. ಸರಣಿಯ ಮೂರೂ ಟೆಸ್ಟ್ ಅವರೇ ಆಡಿದರು. ಇಂದ್ರಜಿತ್ ಶುದ್ಧವಾದ ಕೀಪರ್, ಅದರಲ್ಲಿ ಮಾತಿಲ್ಲ. ಸ್ಪಿನ್ನರ್‌ಗಳನ್ನೇ ನಂಬಿದ ತಂಡಕ್ಕೆ ಒಳ್ಳೆಯ ಕೈಗಳು ಬೇಕು ಎಂಬ ವಾದವೂ ಅರ್ಥಹೀನವಲ್ಲ. ಆದರೂ ಎಂಟು ತಿಂಗಳ ಹಿಂದೆ 525 ರನ್ ಗಳಿಸಿದವನಿಗೆ ಬರಿಯ ಬ್ಯಾಟ್ಸ್‌ಮನ್ ಆಗಿಯೂ ಸ್ಥಾನವಿಲ್ಲ ಎಂಬುದನ್ನು ನಾನು ಯಾವ ತರ್ಕದಿಂದಲೂ ಒಪ್ಪಲಾರೆ.

ನಡುವೆ ಕುಂದರನ್ ರೈಲ್ವೇಸ್ ಬಿಟ್ಟು ಮೈಸೂರು ತಂಡಕ್ಕೆ ಬಂದರು. ಹುಟ್ಟಿದ ನೆಲ ರಾಜ್ಯ ಪುನರ್ವಿಂಗಡಣೆಯಿಂದ ಮೈಸೂರಿಗೆ ಸೇರಿದ್ದರಿಂದ ಇದನ್ನು ಮರಳಿ ಬಂದದ್ದು ಎನ್ನಬಹುದೇನೋ. ಪ್ರಸನ್ನ, ಚಂದ್ರಶೇಖರ್, ಸುಬ್ರಹ್ಮಣ್ಯ ಇದ್ದ ತಂಡ ಅದು. 1966ರ ಡಿಸೆಂಬರಿನಲ್ಲಿ ವೆಸ್ಟ್ ಇಂಡೀಸ್ ಬಂದಾಗ ಮುಂಬಯಿ ಟೆಸ್ಟಿನಲ್ಲಿ ಅವಕಾಶ ಸಿಕ್ಕಿತು. ಹಾಲ್, ಗ್ರಿಫಿತ್, ಸೋಬರ್ಸ್, ಗಿಬ್ಸ್ ದಾಳಿಯ ಎದುರು 79 ಹೊಡೆದರು. ಮುಂದಿನ ತಿಂಗಳು ಮದ್ರಾಸಿನಲ್ಲಿ ಕೈಗವಸು ಮತ್ತೆ ಎಂಜಿನಿಯರ್ ಪಾಲಿಗೆ. ಅವರು ಮೊದಲ ದಿನ ಊಟದ ವಿರಾಮಕ್ಕೆ ಮುಂಚೆಯೇ 94 ರನ್ ಬಾರಿಸಿ, ಚರ್ಚೆಯನ್ನೇ ಮುಗಿಸಿಬಿಟ್ಟರು. ಎಂಜಿನಿಯರ್ ಮೇಲೆ ನನಗೆ ಅಸಮಾಧಾನವಿಲ್ಲ. ಸ್ಪರ್ಧಿಯೂ ಅಷ್ಟೇ ಅರ್ಹನಾಗಿದ್ದಾಗ ಸೋಲು ಹೆಚ್ಚು ಕ್ರೂರವಾಗಿರುತ್ತದೆ, ಅಷ್ಟೆ.

1967ರ ಇಂಗ್ಲೆಂಡ್ ಪ್ರವಾಸಕ್ಕೆ ಇಬ್ಬರೂ ಹೋದರು. ಲಾರ್ಡ್ಸ್‌ನಲ್ಲಿ ಭಾರತ ಎರಡನೇ ಇನಿಂಗ್ಸ್‌ನಲ್ಲಿ 110ಕ್ಕೆ ಕುಸಿದಾಗ 47 ಕುಂದರನ್ ಅವರದು. ಹಾಳು ಇನಿಂಗ್ಸ್‌ನಲ್ಲಿ ಒಂಟಿಯಾಗಿ ನಿಲ್ಲುವುದು ಅವರಿಗೆ ಹಳೆಯ ಅಭ್ಯಾಸ. ಮೂರನೇ ಟೆಸ್ಟ್ ಜುಲೈಯಲ್ಲಿ ಬರ್ಮಿಂಗ್‌ಹ್ಯಾಮಿನ ಎಜ್‌ಬಾಸ್ಟನ್‌ನಲ್ಲಿ. ಗಾಯಾಳುಗಳ ಸಂಖ್ಯೆ ಬೆಳೆದು ತಂಡದಲ್ಲಿ ಹೆಸರಿಗೆ ತಕ್ಕ ವೇಗದ ಬೌಲರ್ ಒಬ್ಬನೂ ಇರಲಿಲ್ಲ. ಬೇಡಿ, ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್ ನಾಲ್ವರೂ ಕೂಡಿ ಆಡಿದ ಏಕೈಕ ಟೆಸ್ಟ್ ಅದು. ಹೊಸ ಚೆಂಡಿನ ಹೊಳಪು ತೆಗೆಯುವುದಕ್ಕೆ ಯಾರಾದರೂ ಬೇಕಲ್ಲ! ಸುಬ್ರಹ್ಮಣ್ಯ ಒಂದು ಕಡೆಯಿಂದ, ಕುಂದರನ್ ಇನ್ನೊಂದು ಕಡೆಯಿಂದ ಎಸೆದರು. ಯಾವ ಬಗೆಯ ಬೌಲಿಂಗ್ ಮಾಡುತ್ತೀಯೆಂದು ನಾಯಕ ಪಟೌಡಿ ವಿಚಾರಿಸಿದಾಗ, ಎಸೆದ ಮೇಲೆ ತಿಳಿಯಬೇಕಷ್ಟೆ ಎಂಬ ಅರ್ಥದ ಉತ್ತರ ಬಂತೆಂದು ಕ್ರಿಕೆಟ್ ವಲಯದಲ್ಲಿ ಇಂದಿಗೂ ಹೇಳುತ್ತಾರೆ. ಕೀಪರ್ ಆಗಿ ಬಂದವರು ಒಂದೇ ಟೆಸ್ಟಿನಲ್ಲಿ ಬ್ಯಾಟಿಂಗನ್ನೂ ಬೌಲಿಂಗನ್ನೂ ಆರಂಭಿಸಿದ ಅಪೂರ್ವ ಪ್ರಸಂಗ ಹೀಗೆ ನಡೆಯಿತು. ಕೀಪಿಂಗ್ ಮಾತ್ರ ಎಂಜಿನಿಯರ್ ಮಾಡಿದರು.

ಅದೇ ಅವರ ಕೊನೆಯ ಟೆಸ್ಟ್. ವಯಸ್ಸು ಇಪ್ಪತ್ತೇಳು. 18 ಟೆಸ್ಟ್, 981 ರನ್, 32.70ರ ಸರಾಸರಿ, 23 ಕ್ಯಾಚು, 7 ಸ್ಟಂಪಿಂಗ್.

ಇಲ್ಲಿಯವರೆಗಿನದು ಅವರ ಹವ್ಯಾಸಿ ಜೀವನ ಎನ್ನಬೇಕು. ಏಕೆಂದರೆ ಭಾರತದಲ್ಲಿ ಅಂದು ಕ್ರಿಕೆಟ್ ಆಡಿ ಬದುಕುವುದು ಸಾಧ್ಯವಿರಲಿಲ್ಲ. ರೈಲ್ವೆಯೋ ಬ್ಯಾಂಕೋ ಕೊಟ್ಟ ನೌಕರಿಯೇ ಊಟ. ಆಟವೇ ಕಸುಬಾದದ್ದು 1970ರಲ್ಲಿ ಅವರು ಸ್ಕಾಟ್ಲೆಂಡಿಗೆ ಹೋದ ಮೇಲೆ. ಗ್ಲಾಸ್ಗೊ ನಗರಕ್ಕೆ ಸಮೀಪದ ಕೋಟ್‌ಬ್ರಿಜ್‌ನಲ್ಲಿ ಡ್ರಂಪೆಲಿಯರ್ ಎಂಬ ಕ್ಲಬ್ಬು ಅವರನ್ನು ವೃತ್ತಿಪರ ಆಟಗಾರನಾಗಿ ಇಟ್ಟುಕೊಂಡಿತು. ಬ್ರಿಟನ್ನಿನ ಲೀಗ್ ಪದ್ಧತಿ ನಮ್ಮವರಿಗೆ ಅರ್ಥವಾಗಬೇಕಾದರೆ ಮಂದಾರ್ತಿ, ಮಾರಣಕಟ್ಟೆಯ ಮೇಳಗಳನ್ನು ನೆನೆದರೆ ಸಾಕು. ಹೆಸರಾಂತ ವೇಷಧಾರಿಯೊಬ್ಬನನ್ನು ಮೇಳವೊಂದು ತಿರುಗಾಟಕ್ಕೆ ಗೊತ್ತುಮಾಡಿಕೊಳ್ಳುವಂತೆ, ಕ್ಲಬ್ಬು ಒಬ್ಬ ವೃತ್ತಿಪರನಿಗೆ ಸಂಬಳ ಕೊಡುತ್ತದೆ. ಉಳಿದ ಹತ್ತು ಮಂದಿ ವಾರವಿಡೀ ತಮ್ಮ ತಮ್ಮ ಉದ್ಯೋಗ ಮಾಡಿ ಶನಿವಾರ ಆಡಲು ಬರುವವರು. ವೃತ್ತಿಪರ ರನ್ ಹೊಡೆಯಬೇಕು, ವಿಕೆಟ್ ಕೀಳಬೇಕು, ಸಂಜೆ ಹುಡುಗರಿಗೆ ಕಲಿಸಬೇಕು. ಒಂದು ವಾರ ವಿಫಲನಾದರೆ ಪೆವಿಲಿಯನ್ನಿನಲ್ಲಿ ಕೂತವರ ಮುಖ ನೋಡಬೇಕು. ವ್ಯತ್ಯಾಸವಿಷ್ಟೇ: ನಮ್ಮ ಮೇಳಗಳು ಗೆಜ್ಜೆ ಬಿಚ್ಚುವ ಮಳೆಗಾಲದಲ್ಲಿ ಅಲ್ಲಿನ ಆಟ ಕಳೆಗಟ್ಟುತ್ತದೆ.

ಕುಂದರನ್ ಅಲ್ಲಿ ಎರಡು ದಶಕಕ್ಕೂ ಮಿಕ್ಕಿ ಆಡಿದರು. ಒದ್ದೆ ನೆಲ, ತಣ್ಣನೆಯ ಗಾಳಿ, ಬೆರಳೆಣಿಕೆಯ ಪ್ರೇಕ್ಷಕರು. ಭಾರತದಲ್ಲಿ ಏಳು ವರ್ಷಗಳ ಕಾಲ ತಂಡದೊಳಗೂ ಹೊರಗೂ ಓಡಾಡಿದವರು ಅಲ್ಲಿ ಯಾರ ಪರ್ಯಾಯವೂ ಆಗಿರಲಿಲ್ಲ. ಅಜಿತ್ ವಾಡೇಕರ್ ತಂಡ 1971ರಲ್ಲಿ ಇಂಗ್ಲೆಂಡಿನಲ್ಲಿ ಸರಣಿ ಗೆದ್ದಾಗ ಸ್ಟಂಪಿನ ಹಿಂದೆ ಇದ್ದವರು ಲ್ಯಾಂಕಷೈರ್ ಕೌಂಟಿಗೆ ಆಡುತ್ತಿದ್ದ ಎಂಜಿನಿಯರ್. ಅದೇ ದ್ವೀಪದ ಉತ್ತರ ಭಾಗದಲ್ಲಿ ಕುಂದರನ್ ತಮ್ಮ ಶನಿವಾರದ ಪಂದ್ಯಗಳಲ್ಲಿದ್ದರು. 80ರ ದಶಕದ ಆರಂಭದಲ್ಲಿ, ನಲವತ್ತು ದಾಟಿದ ಮೇಲೆ, ಬೆನ್ಸನ್ ಅಂಡ್ ಹೆಜಸ್ ಕಪ್ ಪಂದ್ಯಾವಳಿಯಲ್ಲಿ ಸ್ಕಾಟ್ಲೆಂಡ್ ಅವರನ್ನು ತನ್ನ ಪರವಾಗಿ ಆಡಿಸಿತು. ಮೂಲ್ಕಿಯ ಹುಡುಗ ಸ್ಕಾಟ್ಲೆಂಡಿನ ತಂಡಕ್ಕೆ ಸೇರಿದ್ದು ಅಂದು ಇಲ್ಲಿ ಎಷ್ಟು ಮಂದಿಗೆ ತಿಳಿಯಿತೋ ಕಾಣೆ.

ಇಂದು ಕೀಪರ್ ಬ್ಯಾಟು ಬೀಸಲೇಬೇಕು ಎಂಬುದು ಎಲ್ಲ ದೇಶಗಳ ನಿಯಮ. ಸುರತ್ಕಲ್‌ನಲ್ಲಿ ಬೆಳೆದ ಕೆ.ಎಲ್. ರಾಹುಲ್ ಭಾರತದ ಪರ ಇನಿಂಗ್ಸ್ ಆರಂಭಿಸಿದ್ದಾರೆ, ಕೈಗವಸನ್ನೂ ತೊಟ್ಟಿದ್ದಾರೆ. ಅದನ್ನು ಯಾರೂ ವಿಚಿತ್ರವೆಂದು ಭಾವಿಸುವುದಿಲ್ಲ. ಸುರತ್ಕಲ್‌ನಿಂದ ಮೂಲ್ಕಿಗೆ ಹೆದ್ದಾರಿಯಲ್ಲಿ ಎಷ್ಟು ಹೊತ್ತಿನ ದಾರಿ! ಆ ಹಾದಿಯಲ್ಲಿ ಹೋಗುವಾಗಲೆಲ್ಲ ನಾನು ಈ ಇಬ್ಬರನ್ನೂ ಜತೆಗೆ ನೆನೆಯುತ್ತೇನೆ.

ಕುಂದರನ್ 2006ರ ಜೂನ್ 23ರಂದು ಗ್ಲಾಸ್ಗೊದಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರಿಗಾಗ ಅರವತ್ತಾರು ವರ್ಷ. ಭಾರತದ ಕೀಪರ್ ಒಬ್ಬನ ಅತ್ಯಧಿಕ ಟೆಸ್ಟ್ ಮೊತ್ತ ಆಗಲೂ ಅವರ 192 ಆಗಿಯೇ ಇತ್ತು. 2013ರ ಫೆಬ್ರವರಿಯಲ್ಲಿ ಮಹೇಂದ್ರ ಸಿಂಗ್ ಧೋನಿ ಆಸ್ಟ್ರೇಲಿಯದ ಎದುರು 224 ಹೊಡೆದು ಅದನ್ನು ದಾಟಿದರು. ಧೋನಿಯೂ ರೈಲ್ವೆಯಲ್ಲಿ ದುಡಿದವರು. ಊರು ಕೂಡ ಅದೇ, ಚೆನ್ನೈ.