ಕಮಲಾದೇವಿ ಹಾಕಿದ ಲೆಕ್ಕ, ನಾವು ಬಿಟ್ಟ ಲೆಕ್ಕ

ಕಮಲಾದೇವಿ ಚಟ್ಟೋಪಾಧ್ಯಾಯ ಅಂದ್ರೆ ಕೈಮಗ್ಗ, ಕರಕುಶಲ ಮೇಳ ಅಷ್ಟೇ ನೆನಪಾಗುತ್ತೆ ನಮ್ಮ ತಲೆಮಾರಿಗೆ. ನನಗೆ ಅವರು ಮುಖ್ಯರಾಗುವುದು ಕೂಲಿಯ ಪ್ರಶ್ನೆಗಾಗಿ.

ಹುಟ್ಟಿದ್ದು 1903ರಲ್ಲಿ, ಮಂಗಳೂರಿನಲ್ಲಿ. ತಂದೆ ಅನಂತಯ್ಯ ಧಾರೇಶ್ವರ. (ಆ ಹೆಸರಿನ ಊರು ನಮ್ಮ ಶಿರಸಿಯಿಂದ ಘಟ್ಟ ಇಳಿದರೆ, ಕುಮಟಾ ತಾಲೂಕಿನಲ್ಲಿದೆ.) ಮಗಳಿಗೆ 7 ವರ್ಷವಾದಾಗ ತಂದೆ ಉಯಿಲು ಬರೆಯದೆ ತೀರಿಕೊಂಡರು. ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನಿಗೆ ಹೋಯಿತು. ತಾಯಿ ಗಿರಿಜಾಬಾಯಿಗೆ ಉಳಿದದ್ದು ತಿಂಗಳ ಜೀವನಾಂಶ. ಆಕೆ ಅದೂ ಬೇಡ ಅಂದರು. ಮೊದಲ ಸಂಬಳ ಎಣಿಸುವ ಎಷ್ಟೋ ವರ್ಷ ಮೊದಲೇ ಹೆಣ್ಣುಮಗಳು ಹಿಂದೆ ಬಿದ್ದಾಗಿತ್ತು.

14ಕ್ಕೆ ಮದುವೆ, ಎರಡೇ ವರ್ಷದಲ್ಲಿ ವೈಧವ್ಯ. ಆಮೇಲೆ ಮದ್ರಾಸಿನಲ್ಲಿ ಓದು, ಕವಿ ಹರೀಂದ್ರನಾಥರ ಜೊತೆ ಮರುಮದುವೆ, ಒಬ್ಬ ಮಗ, ಕೊನೆಗೆ ವಿಚ್ಛೇದನ. 1926ರಲ್ಲಿ ಮದ್ರಾಸ್ ಶಾಸನಸಭೆಗೆ ಸ್ಪರ್ಧಿಸಿ ಸ್ವಲ್ಪದರಲ್ಲಿ ಸೋತರು. ಉಪ್ಪಿನ ಸತ್ಯಾಗ್ರಹದಿಂದ ಹೆಂಗಸರನ್ನು ಹೊರಗಿಟ್ಟಾಗ ಗಾಂಧಿಯವರ ಜೊತೆಯೇ ವಾದಿಸಿ ಒಪ್ಪಿಸಿದರು, ಜೈಲಿಗೂ ಹೋದರು.

ಅಖಿಲ ಭಾರತ ಮಹಿಳಾ ಸಮ್ಮೇಳನದಲ್ಲೂ ತಮ್ಮ ಬರಹಗಳಲ್ಲೂ ಅವರು ಸಮಾನ ಕೂಲಿಯ ಮಾತಿಗೆ ನಿಲ್ಲಲಿಲ್ಲ. ಹೆರಿಗೆಯ ರಕ್ಷಣೆ ಬೇಕು, ಮನೆಗೆಲಸವೂ ದುಡಿಮೆಯೇ ಅಂತ ಪಟ್ಟು ಹಿಡಿದರು. ಇದು ಎಷ್ಟು ಮುಂದಿನ ಮಾತು ನೋಡಿ. ನನ್ನ ಇಂಜಿನಿಯರಿಂಗ್ ಬ್ಯಾಚಿನಲ್ಲಿ ಕ್ಯಾಂಪಸ್ ಆಫರ್ ಹುಡುಗ, ಹುಡುಗಿ ಇಬ್ಬರಿಗೂ ಒಂದೇ ಮೊತ್ತ. ಮೊದಲ ಮಗು ಹುಟ್ಟಿದ ಮೇಲೆ ದಾರಿಗಳು ಕವಲೊಡೆದವು. ಈ ಕವಲನ್ನು ಅಂಕಿಅಂಶದಲ್ಲಿ ತೋರಿಸಿದ ಅರ್ಥಶಾಸ್ತ್ರಜ್ಞೆ ಕ್ಲಾಡಿಯಾ ಗೋಲ್ಡಿನ್‌ಗೆ 2023ರಲ್ಲಿ ನೊಬೆಲ್ ಬಂತು.

1952ರಲ್ಲಿ ಕಮಲಾದೇವಿ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷೆಯಾದರು. ಇಲ್ಲಿ ನನ್ನದೊಂದು ತಕರಾರಿದೆ. ಕಸುಬಿಗೆ ಮಾರುಕಟ್ಟೆ ಸಿಕ್ಕಿತು, ಹೌದು. ಆದರೆ ಮಗ್ಗದಲ್ಲಿ ಕೂತವನಿಗೆ ನೂಲು ಸುತ್ತಿಕೊಡುವ ಹೆಂಡತಿಯ ದುಡಿಮೆ ಮನೆಯ ಸಹಾಯವಾಗಿಯೇ ಉಳಿಯಿತು.

ಸಮಾನ ವೇತನ ಕಾಯ್ದೆ ಬಂದದ್ದು 1976ರಲ್ಲಿ, ಅವರ 73ನೇ ವಯಸ್ಸಿಗೆ. ಅದು ಹೋಲಿಸುತ್ತಿದ್ದದ್ದು ಒಂದೇ ಕೆಲಸವನ್ನು ಅಥವಾ ಅದೇ ಬಗೆಯ ಕೆಲಸವನ್ನು ಮಾತ್ರ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಕ್ಕೆ ಬಂದು ನೋಡಿ: ಮರ ಹತ್ತಲು ಕಲಿತ ಹುಡುಗ ಕೊನೆಗೌಡನಾಗುತ್ತಾನೆ, ಕೂಲಿ ಏರುತ್ತೆ. ಅವನ ಓರಗೆಯ ಹುಡುಗಿ ಅಡಿಕೆ ಸುಲಿಯಲು ಕೂತರೆ ಮುದುಕಿಯಾದರೂ ಅದೇ ಕೆಲಸ. ಹತ್ತುವುದು ಬೇರೆ, ಸುಲಿಯುವುದು ಬೇರೆ. ಹಾಗಾಗಿ ಕಾನೂನು ಮುರಿದವರು ಯಾರೂ ಇಲ್ಲ. ಕಮಲಾದೇವಿ 1988ರಲ್ಲಿ ತೀರಿಕೊಂಡರು. ಅವಳಿಗೆ ಹತ್ತಲು ಕಲಿಸದವರು ಯಾರು ಎಂಬ ಪ್ರಶ್ನೆ ಇವತ್ತಿಗೂ ಕೂಲಿಯ ಮಾತುಕತೆಯಲ್ಲಿ ಬರುತ್ತಿಲ್ಲ.