ಡೆನಿಸ್ ರಿಚಿ ಇಲ್ಲದಿದ್ದರೆ ಮೊಬೈಲೇ ಇರುತ್ತಿರಲಿಲ್ಲವೇ? ಆ ಫಾರ್ವರ್ಡ್‌ನಲ್ಲಿ ನಿಜ ಎಷ್ಟು?

ಸ್ಟೀವ್ ಜಾಬ್ಸ್ ತೀರಿಕೊಂಡಾಗ ಜಗತ್ತೇ ಅತ್ತಿತು, ಅದೇ ತಿಂಗಳು ತೀರಿಕೊಂಡ ಡೆನಿಸ್ ರಿಚಿಯನ್ನು ಯಾರೂ ಕೇಳಲಿಲ್ಲ, ಅವರಿಲ್ಲದಿದ್ದರೆ ಕಂಪ್ಯೂಟರೂ ಇಲ್ಲ, ಮೊಬೈಲೂ ಇಲ್ಲ ಎಂಬ ಅರ್ಥದ ಸಂದೇಶ ನಿಮ್ಮ ಗ್ರೂಪಿಗೂ ಬಂದಿರಬಹುದು. ಇದರಲ್ಲಿ ಎಷ್ಟು ನಿಜ, ಎಷ್ಟು ಉತ್ಪ್ರೇಕ್ಷೆ? ಬನ್ನಿ, ನೋಡೋಣ.

ಯಾರು ಈ ರಿಚಿ?

ರಿಚಿ ಹುಟ್ಟಿದ್ದು 1941ರ ಸೆಪ್ಟೆಂಬರ್ 9ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್‌ನಲ್ಲಿ. ತಂದೆ ಬೆಲ್ ಲ್ಯಾಬ್ಸ್‌ನಲ್ಲಿ ವಿಜ್ಞಾನಿ. ರಿಚಿ ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಓದಿದರು. ಗಣಿತದಲ್ಲಿ ಪಿಎಚ್‌ಡಿ ಪ್ರಬಂಧವನ್ನೂ ಬರೆದರು, ಆದರೆ ಪದವಿ ಪಡೆಯಲಿಲ್ಲ. 1967ರಲ್ಲಿ ತಂದೆಯಂತೆಯೇ ಬೆಲ್ ಲ್ಯಾಬ್ಸ್ ಸೇರಿದರು.

1969ರಲ್ಲಿ ಸಹೋದ್ಯೋಗಿ ಕೆನ್ ಥಾಂಪ್ಸನ್ ಹೆಚ್ಚು ಬಳಕೆಯಲ್ಲಿಲ್ಲದ ಪಿಡಿಪಿ-7 ಎಂಬ ಕಂಪ್ಯೂಟರ್ ಮೇಲೆ ಹೊಸ ಆಪರೇಟಿಂಗ್ ಸಿಸ್ಟಂ ಬರೆಯತೊಡಗಿದರು. ಅದೇ ಯುನಿಕ್ಸ್. ಅದರ ಫೈಲ್ ವ್ಯವಸ್ಥೆಯನ್ನು ಥಾಂಪ್ಸನ್, ರಡ್ ಕೆನಡೇ ಮತ್ತು ರಿಚಿ ಕಪ್ಪುಹಲಗೆಯ ಮೇಲೆ ಬರೆದು, ಅಳಿಸಿ ರೂಪಿಸಿದ್ದರು. ಇದರಲ್ಲಿ ಬಹುಪಾಲು ಥಾಂಪ್ಸನ್ ಅವರದೇ ಎಂದು ರಿಚಿ ಮುಂದೆ ತಾವೇ ಬರೆದರು. ತಮ್ಮದು ಎಂದು ಅವರು ಹೇಳಿಕೊಂಡದ್ದು ಒಂದೇ ಕೊಡುಗೆ: ಡಿವೈಸ್ ಫೈಲ್. ಅದನ್ನೂ ತಾವು ನಂಬಿರುವಂತೆ ಎಂಬ ಎಚ್ಚರಿಕೆಯೊಂದಿಗೇ ಹೇಳಿದರು.

ಏನಿದು ಡಿವೈಸ್ ಫೈಲ್?

ಕೀಬೋರ್ಡ್, ಪರದೆ, ಪ್ರಿಂಟರ್ ಎಲ್ಲವೂ ಬೇರೆ ಬೇರೆ ಯಂತ್ರಗಳು. ಒಂದೊಂದರ ಜೊತೆ ಒಂದೊಂದು ರೀತಿ ವ್ಯವಹರಿಸುವುದನ್ನು ಪ್ರತಿ ಪ್ರೋಗ್ರಾಂ ಕಲಿಯಬೇಕಾದರೆ ಕೆಲಸ ಮುಗಿಯುವುದೇ ಇಲ್ಲ. ಯುನಿಕ್ಸ್‌ನಲ್ಲಿ ಇವೆಲ್ಲ ಡೆವ್ ಎಂಬ ಫೋಲ್ಡರಿನಲ್ಲಿ ಫೈಲುಗಳಂತೆಯೇ ಕಾಣುತ್ತವೆ. ಫೈಲನ್ನು ಓದುವ, ಬರೆಯುವ ಆದೇಶವೇ ಯಂತ್ರಕ್ಕೂ ಸಾಕು.

ಯುನಿಕ್ಸ್‌ನಲ್ಲಿ ಪ್ರೋಗ್ರಾಂ ಶುರುವಾಗುವಾಗ ಸಾಮಾನ್ಯವಾಗಿ ಮೂರು ದಾರಿಗಳು ಅದಕ್ಕೆ ತೆರೆದೇ ಇರುತ್ತವೆ: ಒಳಬರಲು 0, ಹೊರಹೋಗಲು 1, ತಪ್ಪುಗಳ ಸೂಚನೆಗೆ 2. ಈ ಮೂರನೆಯದು ಸ್ವಲ್ಪ ತಡವಾಗಿ ಸೇರಿತು. ನಲ್ಲಿಯ ಕೆಳಗೆ ಬಿಂದಿಗೆ ಇಟ್ಟರೂ ಡ್ರಮ್ ಇಟ್ಟರೂ ನೀರು ಒಂದೇ ರೀತಿ ಬೀಳುತ್ತದಲ್ಲ, ಹಾಗೆ. ಪರದೆಗೆ ಹೋಗಬೇಕಿದ್ದ ಉತ್ತರವನ್ನು ಫೈಲಿಗೋ ಪ್ರಿಂಟರಿಗೋ ತಿರುಗಿಸಬಹುದು, ಪ್ರೋಗ್ರಾಂ ಬದಲಿಸಬೇಕಿಲ್ಲ. ಬೇಡವಾದದ್ದನ್ನು ಸುರಿದುಬಿಡಲು ನಲ್ ಎಂಬ ಡಿವೈಸ್ ಫೈಲೂ ಇದೆ. ಅದಕ್ಕೆ ಬರೆದದ್ದು ಎಲ್ಲಿಯೂ ಉಳಿಯುವುದಿಲ್ಲ.

ಆಮೇಲೆ ರಿಚಿ ಸಿ ಭಾಷೆ ರೂಪಿಸಿದರು. 1973ರಲ್ಲಿ ಯುನಿಕ್ಸ್‌ನ ತಿರುಳನ್ನು ಅದರಲ್ಲೇ ಮತ್ತೆ ಬರೆಯಲಾಯಿತು. ಹೀಗಾಗಿ ಅದನ್ನು ಬೇರೆ ಬೇರೆ ಕಂಪ್ಯೂಟರ್‌ಗಳಿಗೆ ಒಯ್ಯುವುದು ಸುಲಭವಾಯಿತು. 1983ರ ಟ್ಯೂರಿಂಗ್ ಪ್ರಶಸ್ತಿ ಥಾಂಪ್ಸನ್ ಮತ್ತು ರಿಚಿ ಇಬ್ಬರಿಗೂ ಸೇರಿ ಬಂತು.

ಹಾಗಾದರೆ ಸಂದೇಶ ನಿಜವೇ?

ಅರ್ಧ ನಿಜ. ಜಾಬ್ಸ್ ನಿಧನರಾದದ್ದು 2011ರ ಅಕ್ಟೋಬರ್ 5ರಂದು. ವಾರದ ನಂತರ, 12ರಂದು ರಿಚಿ ನ್ಯೂಜೆರ್ಸಿಯ ತಮ್ಮ ಮನೆಯಲ್ಲಿ ಮೃತರಾಗಿದ್ದುದು ಗೊತ್ತಾಯಿತು. ಸುದ್ದಿ ಅಷ್ಟು ದೊಡ್ಡದಾಗಲಿಲ್ಲ ಎಂಬುದು ಸರಿ, ಯಾರೂ ಕೇಳಲಿಲ್ಲ ಎಂಬುದು ತಪ್ಪು. ನ್ಯೂಯಾರ್ಕ್ ಟೈಮ್ಸ್ ಸೇರಿದಂತೆ ಹಲವು ಪತ್ರಿಕೆಗಳು ಅವರ ಬಗ್ಗೆ ಬರೆದಿದ್ದವು.

ಅವರಿಲ್ಲದಿದ್ದರೆ ಮೊಬೈಲೇ ಇಲ್ಲ ಎನ್ನುವುದನ್ನು ಯಾರೂ ಸಾಬೀತು ಮಾಡಲಾಗದು. ಆದರೆ ಆಂಡ್ರಾಯ್ಡ್ ಫೋನಿನೊಳಗಿನ ಲಿನಕ್ಸ್ ತಿರುಳು ಬಹುತೇಕ ಸಿ ಭಾಷೆಯಲ್ಲಿದೆ. ಐಫೋನ್‌ನ ವ್ಯವಸ್ಥೆ ಯುನಿಕ್ಸ್ ಮನೆತನದ್ದು. ಡೆವ್ ಫೋಲ್ಡರ್ ಎರಡರಲ್ಲೂ ಇಂದಿಗೂ ಇದೆ.

ಈ ಸಂದೇಶ ಮತ್ತೆ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಥಾಂಪ್ಸನ್ ಮತ್ತು ಕೆನಡೇ ಹೆಸರನ್ನೂ ಸೇರಿಸಿ. ರಿಚಿ ತಾವು ಬರೆಯುವಾಗ ಅವರನ್ನು ಬಿಟ್ಟಿರಲಿಲ್ಲ.