39 ಅಂಕಿಗಳ ಸಂಖ್ಯೆಯನ್ನು ಕೈಲೆಕ್ಕದಲ್ಲೇ ಗೆದ್ದ ಲೂಕಾಸ್

170141183460469231731687303715884105727. ಮೂವತ್ತೊಂಬತ್ತು ಅಂಕಿಗಳ ಈ ಸಂಖ್ಯೆಯನ್ನು 1 ಮತ್ತು ಅದೇ ಸಂಖ್ಯೆಯ ಹೊರತು ಬೇರಾವುದೂ ನಿಃಶೇಷವಾಗಿ ಭಾಗಿಸಲಾರದು. 127 ಎರಡುಗಳನ್ನು ಪರಸ್ಪರ ಗುಣಿಸಿ, ಗುಣಲಬ್ಧದಿಂದ 1 ಕಳೆದರೆ ದೊರೆಯುವ ಸಂಖ್ಯೆಯಿದು. ಇದು ಅವಿಭಾಜ್ಯವೆಂದು 1876ರಲ್ಲಿ ಸಾಧಿಸಿದವರು ಫ್ರಾನ್ಸ್‌ನ ಶಾಲಾ ಉಪಾಧ್ಯಾಯ ಎಡ್ವರ್ಡ್ ಲೂಕಾಸ್.

1842ರ ಏಪ್ರಿಲ್ 4ರಂದು ಅಮಿಯೆನ್ಸ್ ನಗರದಲ್ಲಿ ಜನಿಸಿದ ಲೂಕಾಸ್, ಪ್ಯಾರಿಸ್‌ನಲ್ಲಿ ಉನ್ನತ ವ್ಯಾಸಂಗ ಮುಗಿಸಿ ಅಲ್ಲಿನ ಖಗೋಳ ವೀಕ್ಷಣಾಲಯದಲ್ಲಿ ದುಡಿದರು. 1870ರಲ್ಲಿ ಪ್ರಷ್ಯಾದೊಡನೆ ಯುದ್ಧ ಆರಂಭವಾದಾಗ ಫಿರಂಗಿ ದಳದ ಅಧಿಕಾರಿಯಾದರು. ಯುದ್ಧಾನಂತರ ಅಧ್ಯಾಪನ ವೃತ್ತಿಯನ್ನು ಆರಿಸಿಕೊಂಡು, ಮೊದಲು ಮೂಲಿನ್ಸ್ ಪಟ್ಟಣದಲ್ಲಿಯೂ ಬಳಿಕ ಪ್ಯಾರಿಸ್‌ನ ಪ್ರೌಢಶಾಲೆಗಳಲ್ಲಿಯೂ ಗಣಿತ ಬೋಧಿಸಿದರು.

ಅವರನ್ನು ಸೆಳೆದದ್ದು ಎರಡು ಶತಮಾನಗಳಿಗೂ ಹಳೆಯದಾದ ಒಂದು ಪಟ್ಟಿ. ಪಾದ್ರಿ ಮರಾನ್ ಮೆರ್ಸೆನ್ 1644ರಲ್ಲಿ, 257ರವರೆಗಿನ ಯಾವ ಯಾವ ಘಾತಗಳಿಗೆ ಈ ಬಗೆಯ ಸಂಖ್ಯೆಗಳು ಅವಿಭಾಜ್ಯವಾಗುತ್ತವೆಂದು ಹೆಸರಿಸಿದ್ದರು. ಅದರಲ್ಲಿ 67 ಮತ್ತು 127 ಎರಡೂ ಇದ್ದವು. ಪುರಾವೆ ಮಾತ್ರ ಇರಲಿಲ್ಲ. ಒಂದೊಂದೇ ಭಾಜಕದಿಂದ ಭಾಗಿಸಿ ಪರೀಕ್ಷಿಸಲು ಮನುಷ್ಯನ ಆಯುಸ್ಸು ಸಾಲದು.

ಲೂಕಾಸ್ ಭಾಗಿಸುವ ಹಾದಿಯನ್ನೇ ಕೈಬಿಟ್ಟರು. ಅವರ ವಿಧಾನದ ತಿರುಳನ್ನು ಚಿಕ್ಕ ಉದಾಹರಣೆಯಿಂದ ಅರಿಯಬಹುದು. ಏಳು ಎರಡುಗಳ ಗುಣಲಬ್ಧ 128; ಒಂದು ಕಳೆದರೆ 127. ಈಗ 3ರಿಂದ ಆರಂಭಿಸಿ, ಪ್ರತಿ ಸಲವೂ ವರ್ಗ ಮಾಡಿ 2 ಕಳೆಯಬೇಕು. ಉತ್ತರ 127ನ್ನು ಮೀರಿದರೆ ಶೇಷವನ್ನಷ್ಟೇ ಉಳಿಸಿಕೊಳ್ಳಬೇಕು. ಆಗ ಬರುವ ಸಾಲು 3, 7, 47, 48, 16, 0. ಆರನೆಯ ಪದ ಸೊನ್ನೆಯಾದುದರಿಂದ 127 ಅವಿಭಾಜ್ಯ. ಮೂವತ್ತೊಂಬತ್ತು ಅಂಕಿಗಳ ಸಂಖ್ಯೆಗೆ ಇಂತಹ 126 ಪದಗಳು ಸಾಕು.

ಅದೇ ವರ್ಷ ಅವರು 67ರ ವಿಷಯದಲ್ಲಿ ಮೆರ್ಸೆನ್ ತಪ್ಪಿದ್ದಾರೆಂದೂ ತೋರಿಸಿದರು. ಒಂದೂ ಅಪವರ್ತನವನ್ನು ಕಾಣದೆಯೇ ಆ ಸಂಖ್ಯೆ ಅವಿಭಾಜ್ಯವಲ್ಲವೆಂದು ಹೇಳಿದ್ದು ಅಂದಿಗೆ ವಿಸ್ಮಯದ ಸಂಗತಿ. ಅಪವರ್ತನಗಳು ಬೆಳಕಿಗೆ ಬಂದದ್ದು 1903ರಲ್ಲಿ, ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್ ಅವರಿಂದ.

ಮಕ್ಕಳ ಕೈಯಲ್ಲಿ ಇಂದಿಗೂ ಇರುವ 'ಹನೋಯ್ ಗೋಪುರ' ಆಟವೂ ಲೂಕಾಸ್ ಅವರದೇ. 1883ರಲ್ಲಿ ಬೇರೆ ಹೆಸರಿನಲ್ಲಿ ಅದನ್ನು ಹೊರತಂದರು. ಅದರಲ್ಲಿಯೂ ಏಳು ಬಿಲ್ಲೆಗಳನ್ನು ಸಾಗಿಸಲು ಬೇಕಾದ ಕನಿಷ್ಠ ನಡೆಗಳು 127!

1891ರಲ್ಲಿ ಅವರ ಸಂಖ್ಯಾಸಿದ್ಧಾಂತ ಗ್ರಂಥದ ಮೊದಲ ಸಂಪುಟ ಪ್ರಕಟವಾಯಿತು. ಮುಂದಿನ ಸಂಪುಟಗಳನ್ನು ಮುಗಿಸಲು ಅವರು ಉಳಿಯಲಿಲ್ಲ. ಭೋಜನಕೂಟವೊಂದರಲ್ಲಿ ಕೆಳಗೆ ಬಿದ್ದೊಡೆದ ತಟ್ಟೆಯ ಚೂರು ಸಿಡಿದು ಕೆನ್ನೆಗೆ ಗಾಯವಾಯಿತು. ನಂಜೇರಿ ಅಕ್ಟೋಬರ್ 3ರಂದು, 49ರ ವಯಸ್ಸಿನಲ್ಲಿ, ಅವರು ನಿಧನರಾದರು.

ಅವರ ದಾಖಲೆ 1951ರವರೆಗೆ, ಅಂದರೆ 75 ವರ್ಷ, ಅಳಿಯದೆ ಉಳಿಯಿತು. ಅದನ್ನು ಮುರಿಯಲು ಯಂತ್ರಗಳೇ ಬರಬೇಕಾಯಿತು. ಡೆರಿಕ್ ಲೆಹ್ಮರ್ 1930ರ ದಶಕದಲ್ಲಿ ಪರಿಷ್ಕರಿಸಿದ ಲೂಕಾಸ್ ವಿಧಾನಕ್ಕೆ ಮಾತ್ರ ನಿವೃತ್ತಿಯಿಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಕಟವಾದ 4,10,24,320 ಅಂಕಿಗಳ ಅವಿಭಾಜ್ಯಕ್ಕೂ ಅಂತಿಮ ಮುದ್ರೆ ಒತ್ತಿದ್ದು ಅದೇ ಪರೀಕ್ಷೆ.